ಎರಡನೆಯದರ ಪಾಡು

ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಊರಿಗೆ ಬಂದಾಗಲೆಲ್ಲ ನಮಗೊಂದು ಪುಸ್ತಕ ತರುತ್ತಿದ್ದ. 2013ರ ಚಳಿಗಾಲದಲ್ಲಿ ಮಾತ್ರ ಪುಸ್ತಕದ ಬದಲು ಒಂದು ಸಿ.ಡಿ. ತಂದ. ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಎರಡನೆಯ ಆಲ್ಬಂ, ‘ಜಗ್ ಚಂಗಾ’. “ಮಾಮು, ಇದ್ರಲ್ಲಿ ಶರೀಫಜ್ಜ ಇದಾರೆ, ಕೇಳಿ” ಎಂದ.

ನಾವು ಕೇಳಿದೆವು. ‘ಕೋಡಗನ ಕೋಳಿ ನುಂಗಿತ್ತ’ ಗಿಟಾರು, ಡ್ರಮ್ಮುಗಳ ಜೊತೆ ಕುಣಿಯುತ್ತಾ ಬಂತು. ಹಾಡು ಮುಗಿಯುವವರೆಗೂ ನಮಗೆ ತಾಳ್ಮೆ ಇರಲಿಲ್ಲ. ನಡುವೆಯೇ ನಿಲ್ಲಿಸಿ, “ಶರೀಫಜ್ಜನಿಗೆ ಜೀನ್ಸ್ ಪ್ಯಾಂಟು ತೊಡಿಸಿದ್ದಾರೆ. ಇವರ ಮೊದಲನೆಯದೇ ವಾಸಿ” ಎಂದು ತೀರ್ಪು ಕೊಟ್ಟೆವು. ಹುಡುಗ ಏನೂ ಅನ್ನಲಿಲ್ಲ. ಸಿ.ಡಿ.ಯನ್ನು ಮತ್ತೆ ಡಬ್ಬಿಗೆ ಹಾಕಿಕೊಂಡ. ಅವನೂ ಗೆಳೆಯರ ಜೊತೆ ಗಿಟಾರು ಬಾರಿಸುತ್ತಿದ್ದಾನೆಂದು ನಮಗೆ ಆಮೇಲೆ ತಿಳಿಯಿತು.

ಮೊದಲನೆಯದು ವಾಸಿ ಎಂದದ್ದಕ್ಕೆ ಕಾರಣವಿತ್ತು. ಮೈಸೂರಿನಲ್ಲಿ ಬೆಳೆದು, ಭರತನಾಟ್ಯ ಕಲಿತು, ಮೈಕ್ರೋಬಯಾಲಜಿ ಓದಿದ ರಘು ದೀಕ್ಷಿತರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಶರೀಫರ ಗುಡುಗುಡಿಯ ಪದ ಅದರಲ್ಲಿ ಹೊಸ ಹೊಗೆ ಬಿಟ್ಟಿತ್ತು. ಅದೇ ವರ್ಷ ‘ಸೈಕೋ’ ಚಿತ್ರದ ಮಾದೇಶ್ವರನ ಹಾಡು ನಮ್ಮ ಟೆಂಪೋ, ಟ್ರ್ಯಾಕ್ಟರುಗಳವರೆಗೂ ಬಂದು ಮುಟ್ಟಿತು. 2010ರಲ್ಲಿ ಲುಂಗಿ, ಗೆಜ್ಜೆ ತೊಟ್ಟ ಈ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿಯೂ ಬಂತು. ಹೀಗೆ ಹೆಸರಾದವರು ಐದು ವರ್ಷಗಳ ನಂತರ ಎರಡನೆಯದನ್ನು ತಂದರೆ, ಪತ್ರಿಕೆಯಲ್ಲಿ ಬರೆಯುವವರಾಗಲಿ ಚಹಾದಂಗಡಿಯಲ್ಲಿ ಕೂತವರಾಗಲಿ ಮೊದಲನೆಯದನ್ನು ಪಕ್ಕದಲ್ಲಿಟ್ಟುಕೊಂಡೇ ತೂಗುತ್ತಾರೆ. ಅದೇ ಬೇಕು ಎನ್ನುತ್ತಾರೆ. ಅದನ್ನೇ ಕೊಟ್ಟರೆ ಹೊಸದೇನಿದೆ ಎನ್ನುತ್ತಾರೆ.

ಈ ತಕ್ಕಡಿಯಲ್ಲಿ ನಾವೂ ಕೂತೆದ್ದವರು. ನಮ್ಮ ಮೊದಲ ಕಥಾಸಂಕಲನವನ್ನು ಓದಿದವರು “ಮುಸ್ಲಿಂ ಬದುಕಿನ ಒಳಲೋಕ ತೆರೆದಿದ್ದಾರೆ” ಎಂದು ಬೆನ್ನು ತಟ್ಟಿದ್ದರು. ಎರಡನೆಯದರಲ್ಲಿ ನಾವು ಬೋರ್‌ವೆಲ್ ಕೊರೆಯುವವರ ಬಗ್ಗೆ, ಶೇಂಗಾ ಬೆಳೆದು ಸೋತ ರೈತರ ಬಗ್ಗೆ ಬರೆದೆವು. ಹುಟ್ಟಿದಾಗಿನಿಂದ ಕಣ್ಣೆದುರಿಗೆ ಇದ್ದ ಬದುಕು ಅದು. ಒಬ್ಬ ವಿಮರ್ಶಕರು “ಲೇಖಕರು ತಮ್ಮ ಲೋಕವನ್ನು ಬಿಟ್ಟುಕೊಟ್ಟಿದ್ದಾರೆ” ಎಂದು ಮೂರು ಸಾಲಿನಲ್ಲಿ ಮುಗಿಸಿಬಿಟ್ಟರು. ಹಾಗಾದರೆ ಕೂಡ್ಲಿಗಿ ತಾಲೂಕಿನ ಈ ಹೊಸಹಳ್ಳಿಯ ಎರೆ, ಮಸಾರಿ ನೆಲ ನಮ್ಮ ಲೋಕವಲ್ಲವೇ? ಆ ಮೂರು ಸಾಲಿನ ಉರಿಯಲ್ಲಿ ಎರಡು ವರ್ಷ ಒಂದು ಕತೆಯನ್ನೂ ಬರೆಯಲಾಗಲಿಲ್ಲ. ಅಷ್ಟು ಉಂಡವರೇ ಅದೇ ಎಸರನ್ನು ಇನ್ನೊಬ್ಬರಿಗೆ ಬಡಿಸಿದ್ದೆವು.

ಇದು ನಮಗೆ ಹೊಳೆದದ್ದು ಸ್ವಂತ ಬುದ್ಧಿಯಿಂದಲ್ಲ. ಮಾರನೆಯ ಸಂಜೆ ಹುಡುಗ ಅದೇ ಹಾಡುಗಳನ್ನು ಭಜನೆ ತಂಡದ ತಾತನಿಗೆ ಕೇಳಿಸಿದ. ಪೀರಲ ಹಬ್ಬದಲ್ಲಿ ರಿವಾಯತ್ ಪದಗಳನ್ನೂ ಶ್ರಾವಣದಲ್ಲಿ ಭಜನೆಯನ್ನೂ ಒಂದೇ ಕೊರಳಿನಲ್ಲಿ ಹಾಡಿದ ಜೀವ ಅದು. ಕಟ್ಟೆಯ ಮೇಲೆ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಪೂರಾ ಕೇಳಿದರು. ನಾವು ನಮ್ಮ ಆಕ್ಷೇಪ ಹೇಳಿದೆವು. ಸಿ. ಅಶ್ವತ್ಥರ ಧಾಟಿ ಎಲ್ಲಿ, ಇದೆಲ್ಲಿ ಎಂದೆವು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂದಾಗ ನಾವಿನ್ನೂ ಉರ್ದು ಶಾಲೆಯ ಹುಡುಗರು. ಶರೀಫರೆಂದರೆ ನಮ್ಮ ಕಿವಿಗೆ ಅಶ್ವತ್ಥರ ಕೊರಳೇ.

ತಾತ ನಕ್ಕರು. “ಅಲ್ರೀ ಸಾಹೇಬ್ರೇ, ಆ ಕ್ಯಾಸೆಟ್ ಬಂದಾಗ ನಾವೂ ಹಿಂಗೇ ಅಂದಿದ್ವಿ. ಏಕತಾರಿ ಪದಕ್ಕೆ ಪೇಟಿ, ತಬಲ, ಪಿಟೀಲು ಇಷ್ಟು ದಿಬ್ಬಣ ಯಾಕೆ ಅಂತ. ಈಗ ನೀವು ಅದನ್ನೇ ಮೂಲ ಅಂತೀರಿ. ಈ ಹುಡುಗಂದು ಒಂದು ಪದ ಬಾಯಿಗೆ ಬಂತು, ‘ಲೋಕದ ಕಾಳಜಿ’. ಇನ್ನೊಂದ್ರಾಗ ಕುಣಿತ ಮುಂದಾತು, ಮಾತು ಹಿಂದಾತು. ಆದ್ರೆ ಪೂರಾ ಕೇಳ್ದೆ ಹೆಂಗೆ ಹೇಳ್ಲಿ?”

ನಾವು ಬಾಯಿ ಮುಚ್ಚಿಕೊಂಡೆವು. ತಾತ ಹೊಗಳಿಯೂ ಇರಲಿಲ್ಲ, ತೆಗಳಿಯೂ ಇರಲಿಲ್ಲ. ಯಾವುದು ನಾಟಿತು, ಯಾವುದು ನಾಟಲಿಲ್ಲ, ಯಾಕೆ ಎಂದಷ್ಟೇ ಹೇಳಿದ್ದರು. ವಿಮರ್ಶೆಗೆ ಇದಕ್ಕಿಂತ ಹೆಚ್ಚಿನದೇನು ಬೇಕು? 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರ ಪದಗಳು ಬಾಯಿಂದ ಬಾಯಿಗೆ ನಡೆದು ಬಂದವು. ಊರಿಗೊಂದು ಮಟ್ಟು. ಹಾಗೆ ಮಟ್ಟು ಬದಲಿಸಿದ್ದಕ್ಕೇ ಅವು ಬದುಕಿದವು. ಗೋವಿಂದ ಭಟ್ಟರ ಶಿಷ್ಯನಾದದ್ದಕ್ಕೆ ಎರಡೂ ಕಡೆಯವರಿಂದ ಮಾತು ಕೇಳಿದ ಶರೀಫಜ್ಜನ ಹೆಸರಿನಲ್ಲಿ ನಾವು ಗಡಿ ಕಾಯಲು ನಿಂತಿದ್ದೆವು.

ಆ ರಾತ್ರಿ ಕರೆಂಟು ಬಂದ ಮೇಲೆ ಎಂಟು ಹಾಡುಗಳನ್ನೂ ಕೊನೆಯವರೆಗೆ ಕೇಳಿದೆವು. ಕೆಲವು ಹಿಡಿಸಿದವು, ಕೆಲವು ಇಂದಿಗೂ ಹಿಡಿಸಿಲ್ಲ. ಬೆಳಿಗ್ಗೆ ಅಳಿಯನಿಗೆ ಅದನ್ನೇ ಹೇಳಿ, “ನಿನ್ನ ಗಿಟಾರು ಯಾವಾಗ ಕೇಳಿಸ್ತೀಯಪ್ಪಾ?” ಎಂದೆವು. ಅವನ ಮುಖ ನೋಡಬೇಕಿತ್ತು.

ಈಗ ನಾವು ಬರೆದ ಕತೆಗಳು ಮೊದಲು ಹೋಗುವುದು ಅವನಿಗೇ. ಬಯ್ಯುತ್ತಾನೆ. ಆದರೆ ಪೂರಾ ಓದಿ ಬಯ್ಯುತ್ತಾನೆ.