ಕಾವು, ಸ್ನಾಯು, ಸಕ್ಕರೆ: ಕೆಲವು ಟಿಪ್ಪಣಿಗಳು

ಇಟಲಿಯ ಫೆರುಚಿಯೊ ರಿಟೋಸ್ಸಾ ನೋಡುತ್ತಿದ್ದದ್ದು ಹಣ್ಣುನೊಣದ ಮರಿಹುಳುವಿನ ಜೊಲ್ಲುಗ್ರಂಥಿ. ಯಾರೋ ಇನ್‌ಕ್ಯುಬೇಟರ್‌ನ ಶಾಖ ಏರಿಸಿಬಿಟ್ಟಿದ್ದರು. ಮಾಮೂಲಿ ಜಾಗ ಬಿಟ್ಟು ಬೇರೆಲ್ಲೋ ವರ್ಣತಂತು ಊದಿಕೊಂಡಿತ್ತು. ಊದಿದ ಕಡೆ ಜೀನ್ ಕೆಲಸಕ್ಕಿಳಿದಿದೆ ಎಂದರ್ಥ. ದೊಡ್ಡ ಪತ್ರಿಕೆಯೊಂದು ಮಹತ್ವದ್ದಲ್ಲವೆಂದು ಲೇಖನ ವಾಪಸ್ ಕಳಿಸಿತು. 1962ರಲ್ಲಿ ಅದು ಬೇರೆ ಕಡೆ ಅಚ್ಚಾಯಿತು. ಆ ಜೀನ್‌ಗಳು ತಯಾರಿಸುವ ಹೀಟ್ ಶಾಕ್ ಪ್ರೋಟೀನ್‌ಗಳು ಪತ್ತೆಯಾಗಲು 1974 ಬರಬೇಕಾಯಿತು.

ಅವುಗಳ ಕೆಲಸ: ಬೇಯಿಸಿದ ಮೊಟ್ಟೆಯ ಬಿಳಿಭಾಗದಂತೆ ಪ್ರೋಟೀನ್‌ಗಳು ಬಿಚ್ಚಿಕೊಂಡು ಒಂದಕ್ಕೊಂದು ಅಂಟಿ ಗಟ್ಟಿಯಾಗದ ಹಾಗೆ ಹಿಡಿದುಕೊಳ್ಳುವುದು, ಮತ್ತೆ ಸರಿಯಾಗಿ ಮಡಚುವುದು, ಕೆಟ್ಟದ್ದನ್ನು ವಿಲೇವಾರಿಗೆ ಕಳಿಸುವುದು. ಬ್ಯಾಕ್ಟೀರಿಯಾದಲ್ಲೂ ಇವೆ, ನಮ್ಮಲ್ಲೂ ಇವೆ. ಕಾವಿಗೆ ಮಾತ್ರವಲ್ಲ, ವ್ಯಾಯಾಮಕ್ಕೂ ಹೆಚ್ಚುತ್ತವೆ.

ನನಗೆ ಬಿಡಿಸಲಾಗದ ಮೊದಲ ಗಂಟು ಇಲ್ಲಿದೆ. 2002ರಲ್ಲಿ ಕುರುಟ್ಸ್ ಮತ್ತು ಸಂಗಡಿಗರು ಟೈಪ್ 2 ಸಕ್ಕರೆ ಕಾಯಿಲೆಯವರ ಸ್ನಾಯುವಿನ ಚೂರು ತೆಗೆದು ನೋಡಿದರು. ಈ ಹೀಟ್ ಶಾಕ್ ಪ್ರೋಟೀನ್‌ಗಳಲ್ಲೊಂದಾದ ಎಚ್‌ಎಸ್‌ಪಿ72 ಕಡಿಮೆ ಇತ್ತು. ಇನ್ಸುಲಿನ್‌ಗೆ ಸ್ನಾಯು ಎಷ್ಟು ಓಗೊಡುವುದಿಲ್ಲವೋ ಅಷ್ಟು ಕಡಿಮೆ. ಸಕ್ಕರೆ, ಕೊಬ್ಬು, ಉರಿಯೂತ ಮೂರೂ ಒಟ್ಟಿಗೆ ಕಾಡುವ ಕೋಶದಲ್ಲಿ ಈ ರಕ್ಷಕ ಹೆಚ್ಚಬೇಕಲ್ಲವೇ? ಬೇಕಾದ ಹೊತ್ತಿಗೇ ಇಲ್ಲವಾಗುವುದು ಹೇಗೆ?

ಒಂದು ವಿವರಣೆ: ಈ ಪ್ರೋಟೀನ್‌ಗಳನ್ನು ತಯಾರಿಸಲು ಆಜ್ಞೆ ಕೊಡುವುದು ಎಚ್‌ಎಸ್‌ಎಫ್1. ಅದನ್ನು ತಡೆಯುವುದು ಜಿಎಸ್‌ಕೆ-3 ಎಂಬ ಕಿಣ್ವ. ಜಿಎಸ್‌ಕೆ-3ಯನ್ನು ಅದುಮಿಡುವುದು ಇನ್ಸುಲಿನ್‌ನ ಸಂದೇಶ. ಸಂದೇಶ ತಲುಪದಿದ್ದರೆ ಕಿಣ್ವಕ್ಕೆ ಲಗಾಮಿಲ್ಲ, ರಕ್ಷಕ ಪ್ರೋಟೀನ್ ಇಳಿಯುತ್ತದೆ, ಉರಿಯೂತ ಏರುತ್ತದೆ, ಸಂದೇಶ ಇನ್ನಷ್ಟು ಕುಂದುತ್ತದೆ. ಯಾವುದು ಮೊದಲು ಕೆಟ್ಟಿತು ಎಂದು ಈ ಸುತ್ತನ್ನು ನೋಡಿ ಹೇಳುವ ಹಾಗಿಲ್ಲ.

ಮೆಲ್ಬರ್ನ್, 2008. ಮಾರ್ಕ್ ಫೆಬ್ರಾಯೊ ಅವರ ತಂಡ ಕೊಬ್ಬಿನ ಆಹಾರ ತಿಂದ, ಇಲ್ಲವೇ ಹುಟ್ಟಿನಿಂದಲೇ ಬೊಜ್ಜಿಗೆ ಒಳಗಾಗುವ ಇಲಿಗಳ ಸ್ನಾಯುವಿನಲ್ಲಿ ಎಚ್‌ಎಸ್‌ಪಿ72 ಹೆಚ್ಚಿಸಿತು: ಕೆಲವಕ್ಕೆ ಕಾವು ಕೊಟ್ಟು, ಕೆಲವಕ್ಕೆ ಜೀನ್ ಸೇರಿಸಿ, ಕೆಲವಕ್ಕೆ ಬಿಜಿಪಿ-15 ಎಂಬ ಔಷಧ ಕೊಟ್ಟು. ಮೂರು ದಾರಿಯಲ್ಲೂ ಇನ್ಸುಲಿನ್ ಪ್ರತಿರೋಧ ತಗ್ಗಿತು. ಇನ್ಸುಲಿನ್‌ನ ಸಂದೇಶವನ್ನು ಕೋಶದೊಳಗೆ ಕೆಡಿಸುವ ಜೆಎನ್‌ಕೆ ಎಂಬ ಕಿಣ್ವವೂ ತಣ್ಣಗಾಗಿತ್ತು. ಕಾವೊಂದೇ ಆಗಿದ್ದರೆ ರಕ್ತದ ಓಟ ಹೆಚ್ಚಿದ್ದಕ್ಕೆ ಹಾಗಾಯಿತು ಎನ್ನಬಹುದಿತ್ತು. ಜೀನ್ ಸೇರಿಸಿದಾಗಲೂ ಅದೇ ಫಲ ಸಿಕ್ಕಿತು ಎನ್ನುವುದೇ ನನಗೆ ಗಟ್ಟಿ ಸಾಕ್ಷ್ಯ.

ಅದಕ್ಕೂ ಮುಂಚೆ, 1999ರಲ್ಲಿ, ಅಮೆರಿಕದ ಕೊಲೊರಾಡೊದ ವೈದ್ಯ ಫಿಲಿಪ್ ಹೂಪರ್ 8 ರೋಗಿಗಳನ್ನು ದಿನಕ್ಕೆ 30 ನಿಮಿಷ, ವಾರಕ್ಕೆ 6 ದಿನ, 3 ವಾರ ಬಿಸಿನೀರಿನ ತೊಟ್ಟಿಯಲ್ಲಿ ಭುಜದವರೆಗೆ ಕೂರಿಸಿದ್ದರು. ಖಾಲಿ ಹೊಟ್ಟೆಯ ಸಕ್ಕರೆ ಸರಾಸರಿ 182ರಿಂದ 159ಕ್ಕೆ ಇಳಿಯಿತು. ಒಬ್ಬರಂತೂ ಹತ್ತನೇ ದಿನದ ಹೊತ್ತಿಗೆ ಇನ್ಸುಲಿನ್ ಡೋಸ್ ಕಡಿಮೆ ಮಾಡಬೇಕಾಯಿತು. ಎಚ್‌ಬಿಎ1ಸಿ ಕೂಡ ಸುಮಾರು 1 ಶೇಕಡಾಂಶ ಇಳಿದದ್ದು ನನಗೆ ಅಚ್ಚರಿ: ಎರಡು ಮೂರು ತಿಂಗಳ ಲೆಕ್ಕ ಹೇಳುವ ಪರೀಕ್ಷೆ ಮೂರೇ ವಾರದಲ್ಲಿ ಇಷ್ಟು ಬದಲಾಗುವುದೇ? ತೂಕವೂ 1.7 ಕೆ.ಜಿ. ಇಳಿದಿತ್ತು. ಎಂಟೇ ಜನರ ಮೇಲೆ ಇಷ್ಟು ದೊಡ್ಡ ಭರವಸೆ ಹೊರಿಸುವುದು ಸರಿಯಲ್ಲ.

ಹಾಗಾದರೆ ಬೇಸಿಗೆಯ ರಾಯಚೂರು, ಕಲಬುರಗಿಯಲ್ಲಿ 40 ಡಿಗ್ರಿ ದಾಟಿದಾಗ ಎಲ್ಲರ ಸಕ್ಕರೆಯೂ ಇಳಿಯಬೇಕಲ್ಲ? ಬಿಸಿಲಲ್ಲಿ ಬೆವರು ಆರಿ ಒಳಮೈಯನ್ನು 37ರ ಹತ್ತಿರವೇ ಇರಿಸುತ್ತದೆ. ತೊಟ್ಟಿಯ ನೀರಿನಲ್ಲಿ ಬೆವರು ಆರುವುದಿಲ್ಲ, ಒಳಗಿನ ಕಾವೇ ಏರುತ್ತದೆ. ಎರಡೂ ಒಂದೇ ಶಾಖವಲ್ಲ.

ಎಚ್ಚರಿಕೆಯ ಮಾತು, ದಪ್ಪ ಅಕ್ಷರದಲ್ಲಿ ಬರೆದುಕೊಂಡದ್ದು: ಕಾಲು ಜೋಮು ಹಿಡಿದಿದೆಯೆಂದು ಉಪ್ಪು ಹಾಕಿದ ಬಿಸಿನೀರಿನ ಬಕೆಟ್‌ನಲ್ಲಿ ಪಾದ ಇಡುವ ಸಕ್ಕರೆ ಕಾಯಿಲೆಯವರು ನಮ್ಮಲ್ಲಿ ಬಹಳ. ನರ ಸತ್ತ ಪಾದಕ್ಕೆ ನೀರು ಸುಡುವುದು ತಿಳಿಯುವುದಿಲ್ಲ. ಬೊಬ್ಬೆ ಕಣ್ಣಿಗೆ ಕಂಡಾಗಲೇ ಗೊತ್ತಾಗುವುದು, ಗಾಯ ಮಾಯದು. ಇನ್ಸುಲಿನ್ ಚುಚ್ಚಿಕೊಂಡ ಜಾಗಕ್ಕೆ ಕಾವು ತಗುಲಿದರೆ ಔಷಧ ಬೇಗ ರಕ್ತಕ್ಕೆ ಸೇರಿ ಸಕ್ಕರೆ ಥಟ್ಟನೆ ಕುಸಿಯಬಹುದು. ಇಲಿಯ ಪ್ರಯೋಗ ಓದಿ ಯಾರೂ ಮನೆಯಲ್ಲಿ ಕಾವಿನ ಚಿಕಿತ್ಸೆ ಮಾಡಿಕೊಳ್ಳಲೇಬಾರದು.

ಎರಡನೇ ಗಂಟು ಇನ್ನೂ ಬಿಗಿ. ಕೋಶದೊಳಗೆ ಕಾಯುವ ಇದೇ ಎಚ್‌ಎಸ್‌ಪಿ72 ರಕ್ತದಲ್ಲೂ ತೇಲುತ್ತದೆ. ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಅದು ಹೆಚ್ಚಿರುವುದು ಕಂಡಿದೆ. ಅಲ್ಲಿ ಅದು ರೋಗನಿರೋಧಕ ಕೋಶಗಳನ್ನು ಕೆಣಕಿ ಉರಿಯೂತಕ್ಕೆ ಒಗ್ಗರಣೆ ಹಾಕಬಲ್ಲದು. ಅಂದರೆ ಒಳಗೆ ಬರ, ಹೊರಗೆ ನೆರೆ. ಆದರೆ ಆರೋಗ್ಯವಂತರು ಒಂದು ಗಂಟೆ ಓಡಿದಾಗಲೂ ರಕ್ತದಲ್ಲಿ ಎಚ್‌ಎಸ್‌ಪಿ72 ಏರುತ್ತದೆಂದು 2001ರಲ್ಲೇ ವರದಿಯಾಗಿದೆ, ಸ್ನಾಯುವಿನಲ್ಲಿ ಏರುವುದಕ್ಕೂ ಮೊದಲೇ. ಅದರಲ್ಲಿ ಒಂದು ಪಾಲು ಬರುವುದು ಪಿತ್ತಜನಕಾಂಗದ ಕಡೆಯಿಂದ ಎಂದು ಆಮೇಲೆ ತಿಳಿಯಿತು. ಓಡಿದವರಿಗೆ ಅದರಿಂದ ಕೇಡೇನೂ ಕಾಣುವುದಿಲ್ಲ. ವ್ಯತ್ಯಾಸ ಇರುವುದು ಪ್ರಮಾಣದಲ್ಲೋ, ಏರಿದ್ದು ಎಷ್ಟು ಹೊತ್ತಿಗೆ ಇಳಿಯುತ್ತದೆ ಎನ್ನುವುದರಲ್ಲೋ? ನನ್ನ ಅನುಮಾನ ಎರಡನೆಯದರ ಮೇಲೆ.