ದೋಣಿಮನೆಯ ಶೌಚಾಲಯ ಹೇಳಿದ ಮಾತು

ಶೌಚಾಲಯದ ಬಗ್ಗೆ ಬರೆಯುತ್ತಿದ್ದಾಳೆಂದು ಮೂಗು ಮುರಿಯಬೇಡಿ, ಸಹೋದರಿಯರೇ. ನಮ್ಮ ದೀನ್ ಈ ವಿಷಯದಲ್ಲಿ ಎಂದೂ ಸಂಕೋಚಪಟ್ಟಿಲ್ಲ. ಒಳಗೆ ಹೋಗುವಾಗ ಯಾವ ಕಾಲು ಮೊದಲಿಡಬೇಕು, ಯಾವ ದುಆ ಹೇಳಬೇಕು, ಯಾವ ಕೈಯಿಂದ ಶುಚಿಗೊಳಿಸಬೇಕು ಎಂಬುದನ್ನೆಲ್ಲ ಮಕ್ಕಳು ಮದ್ರಸಾದ ಚಿಕ್ಕ ತರಗತಿಯಲ್ಲೇ ಕಲಿಯುತ್ತಾರೆ. ಆದರೆ ನೀರು ಬಿಟ್ಟ ಮೇಲೆ ಅದೆಲ್ಲ ಎಲ್ಲಿಗೆ ಹೋಗುತ್ತದೆ, ಕಟ್ಟಿಕೊಂಡರೆ ಯಾರು ತೆಗೆಯುತ್ತಾರೆ ಎಂಬುದನ್ನು ಮಾತ್ರ ನಾವು ಯಾರೂ ಅವರಿಗೆ ಹೇಳಿಕೊಡುವುದಿಲ್ಲ.

ಊರಿನಲ್ಲಿ ಇದು ನಮ್ಮ ಕಣ್ಣಿಗೆ ಬೀಳುವುದೂ ಇಲ್ಲ. ಹಿತ್ತಿಲಲ್ಲಿ ಗುಂಡಿ ಇದೆ, ಅದರ ಮೇಲೆ ಕಾಂಕ್ರೀಟಿನ ಮುಚ್ಚಳ ಇದೆ, ಅಲ್ಲಿಗೆ ನಮ್ಮ ಜವಾಬ್ದಾರಿ ಮುಗಿಯಿತು. ನೀರಿನ ಮೇಲೆ ಹಾಗಲ್ಲ. ಕೇರಳದ ಆಲಪ್ಪುಝದಲ್ಲಿ ನಮ್ಮ ಕುಟುಂಬದ ಹನ್ನೆರಡು ಮಂದಿ ಒಂದು ರಾತ್ರಿ ದೋಣಿಮನೆಯಲ್ಲಿ ಉಳಿದಿದ್ದಾಗ ನನಗೆ ಇದು ಮನದಟ್ಟಾಯಿತು.

ಆ ದೋಣಿಗಳನ್ನು ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ. ಹಿಂದೆ ಭತ್ತ ಸಾಗಿಸುತ್ತಿದ್ದ ಕೆಟ್ಟುವಳ್ಳಂ ಎಂಬ ದೊಡ್ಡ ದೋಣಿಗಳ ರೂಪ ಅವು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟುತ್ತಿದ್ದರು. ಈಗ ಅದರ ಮೇಲೆ ಕೋಣೆ, ಅಡುಗೆಮನೆ, ಕೋಣೆಗೊಂದು ಶೌಚಾಲಯ. ಮನೆಯಂತೆಯೇ ಕಾಣುವುದರಿಂದ ನಾವು ಮನೆಯಲ್ಲಿರುವಂತೆಯೇ ಇರುತ್ತೇವೆ. ಆದರೆ ಅಲ್ಲಿ ಗುಂಡಿಯಿಲ್ಲ. ಕಾಲ ಕೆಳಗೇ ಒಂದು ಟ್ಯಾಂಕ್, ಅದಕ್ಕೆ ಹೋಗುವ ಪೈಪಿಗೆ ಇಳಿಜಾರು ಬಹಳ ಕಡಿಮೆ. ಟ್ಯಾಂಕ್ ತುಂಬಿದರೆ ಅದನ್ನು ದಡಕ್ಕೆ ತಂದು ಖಾಲಿ ಮಾಡಬೇಕು. ಹೊರಗಿರುವುದು ಕೆರೆಯ ನೀರು. ಅದರಲ್ಲೇ ದಡದ ಹೆಂಗಸರು ಪಾತ್ರೆ ತೊಳೆಯುತ್ತಾರೆ, ಮಕ್ಕಳು ಈಜುತ್ತಾರೆ, ಮೀನುಗಾರರು ಬಲೆ ಬೀಸುತ್ತಾರೆ.

ಸಂಜೆ ದೋಣಿಯನ್ನು ದಡಕ್ಕೆ ಕಟ್ಟಿದ ಮೇಲೆ ಒಂದು ಶೌಚಾಲಯದಲ್ಲಿ ನೀರು ಇಳಿಯದೆ ಮೇಲೆ ಬರತೊಡಗಿತು. ಮಕ್ಕಳು ಮತ್ತೆ ಮತ್ತೆ ನೀರು ಬಿಟ್ಟರು, ಅದು ನೆಲಕ್ಕೆ ಹರಿಯಿತು. ಮಗ್ರಿಬ್ ಹತ್ತಿರವಾಗುತ್ತಿತ್ತು. ವುಝೂ ಮಾಡಲು, ನಮಾಝಿನ ಬಟ್ಟೆಯನ್ನು ನಜಸ್‌ನಿಂದ ಕಾಪಾಡಲು ಎಲ್ಲರಿಗೂ ಗಡಿಬಿಡಿ. ದೋಣಿಯ ಕೆಲಸದ ಹುಡುಗನನ್ನು ಕರೆದೆವು. ಇಪ್ಪತ್ತು ವರ್ಷ ಇರಬಹುದು. ಮಧ್ಯಾಹ್ನ ನಮಗೆ ಕರಿಮೀನು ಬಡಿಸಿದವನೂ ಅವನೇ. ಏನೂ ಹೇಳದೆ ಬಕೆಟ್ ತಂದು, ಅಂಗಿಯ ತೋಳು ಮಡಚಿ, ಬರಿಗೈಯನ್ನೇ ಒಳಗೆ ಹಾಕಲು ಬಗ್ಗಿದ.

ನನ್ನ ಅತ್ತೆ ತಡೆದರು. "ಮೋನೇ, ನಿಲ್ಲು. ಕೈಗವಸು ಇಲ್ಲವೇ?" ಎಂದರು. ಅಡುಗೆಮನೆಯ ಮೂಲೆಯಲ್ಲಿ ಒಂದು ಜೊತೆ ಇತ್ತು. ಅತ್ತೆ ಅದನ್ನು ತೆಗೆದು ಅವನಿಗೆ ಕೊಡಲಿಲ್ಲ. ತಮ್ಮ ಹಿರಿಯ ಮಗನ, ಅಂದರೆ ನನ್ನವರ ಕೈಗೆ ಕೊಟ್ಟರು. "ಹಾಕಿದವರು ನಾವು, ತೆಗೆಯುವವರೂ ನಾವೇ. ಹೇಗೆಂದು ಅವನು ಹೇಳಿಕೊಡಲಿ" ಎಂದರು. "ಬೇಡ ಉಮ್ಮಾ, ಇದು ನನ್ನ ಕೆಲಸ" ಎಂದು ಹುಡುಗ ಎಷ್ಟು ಹೇಳಿದರೂ ಕೇಳಲಿಲ್ಲ.

ಅವನು ಹೇಳಿಕೊಟ್ಟ ಕ್ರಮವನ್ನು ಬರೆಯುತ್ತೇನೆ, ಮನೆಯಲ್ಲೂ ಉಪಯೋಗಕ್ಕೆ ಬರುತ್ತದೆ. ಮೊದಲು ನೀರು ಬರುವ ನಲ್ಲಿಯನ್ನು ಮುಚ್ಚಬೇಕು. ತುಂಬಿರುವ ನೀರನ್ನು ಹಳೆಯ ಮಗ್ಗಿನಿಂದ ಬಕೆಟಿಗೆ ತೆಗೆಯಬೇಕು, ಕೆರೆಗೆ ಚೆಲ್ಲಬಾರದು. ಕೋಲಿಗೆ ಸಿಕ್ಕಿಸಿದ ರಬ್ಬರಿನ ಬಟ್ಟಲನ್ನು ಬಾಯಿಗೆ ಒತ್ತಿ ಹಿಡಿದು ನಿಧಾನವಾಗಿ ಮೇಲೆ ಕೆಳಗೆ ಮಾಡಬೇಕು. ಆಗದಿದ್ದರೆ ತುದಿ ಬಗ್ಗಿಸಿದ ತಂತಿಯಿಂದ ಹೊರಕ್ಕೆ ಎಳೆಯಬೇಕು. ಒಳಕ್ಕೆ ತಳ್ಳಿದರೆ ಇನ್ನೂ ಆಳದಲ್ಲಿ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಸಾಬೂನು ನೀರು ಹಾಕಿ ಸ್ವಲ್ಪ ಹೊತ್ತು ಬಿಟ್ಟು ಬೆಚ್ಚಗಿನ ನೀರು ಸುರಿಯಬೇಕು. ಕುದಿಯುವ ನೀರು ಬೇಡ, ಪಿಂಗಾಣಿ ಬಿರುಕು ಬಿಡಬಹುದು. ಆಸಿಡ್ ಸುರಿದರೆ ಟ್ಯಾಂಕಿನಲ್ಲಿ ಕೊಳೆಯನ್ನು ಕರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಇನ್ನೊಂದು ಮಾತನ್ನು ನಾನು ಸೇರಿಸುತ್ತೇನೆ: ಆಸಿಡ್ ಮತ್ತು ಬ್ಲೀಚಿಂಗ್ ಪೌಡರನ್ನು ಎಂದೂ ಒಟ್ಟಿಗೆ ಹಾಕಬೇಡಿ. ಅದರಿಂದ ಏಳುವ ಕ್ಲೋರಿನ್ ಅನಿಲ ಬಾಗಿಲು ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಅಪಾಯ.

ತಂತಿಗೆ ಸಿಕ್ಕಿದ್ದು ಮಗುವನ್ನು ಒರೆಸುವ ವೈಪ್ಸ್ ಮತ್ತು ನೀರು ಕುಡಿದು ಊದಿಕೊಂಡ ಒಂದು ಪ್ಯಾಡ್. ಯಾರದೆಂದು ಅತ್ತೆ ಕೇಳಲಿಲ್ಲ. ಗಂಡಸರು ಹೊರಗೆ ಹೋದ ಮೇಲೆ ಮನೆಯ ಹೆಣ್ಣುಮಕ್ಕಳನ್ನೆಲ್ಲ ಕೂರಿಸಿ, "ಕಾಗದದಲ್ಲಿ ಸುತ್ತಿ ಚೀಲದಲ್ಲಿ ಹಾಕಿ. ಇಡಲು ಜಾಗವಿಲ್ಲದಿದ್ದರೆ ನನ್ನ ಹತ್ತಿರ ಕೊಡಿ. ಇದರಲ್ಲಿ ನಾಚಿಕೆ ಏನಿದೆ?" ಎಂದರು. ಹದಿಮೂರರ ಒಬ್ಬಳು ತಲೆ ತಗ್ಗಿಸಿದ್ದಳು. ಆ ಕೋಣೆಯಲ್ಲಿ ಕಸದ ಬುಟ್ಟಿಯೇ ಇರಲಿಲ್ಲ. ಮುಚ್ಚಿಡಲು ಅವಳಿಗೆ ಬೇರೆ ದಾರಿ ಯಾರೂ ತೋರಿಸಿರಲಿಲ್ಲ.

ಸಹೋದರಿಯರೇ, ನಾಚಿಕೆ ಈಮಾನಿನ ಭಾಗ, ನಿಜ. ಆದರೆ ನಮ್ಮ ನಾಚಿಕೆಯ ಭಾರವನ್ನು ಇನ್ನೊಬ್ಬರ ಬರಿಗೈ ಹೊರಬೇಕಾಗಿ ಬಂದರೆ ಅದು ಯಾವ ಲೆಕ್ಕದ ನಾಚಿಕೆ? ಪ್ಯಾಡಿನಲ್ಲಿರುವ ಪ್ಲಾಸ್ಟಿಕ್ ಕೊಳೆಯುವುದಿಲ್ಲ, ಅದರೊಳಗಿನ ಪುಡಿ ನೀರು ಹೀರಿ ಗಟ್ಟಿ ಲೋಳೆಯಾಗುತ್ತದೆ. ದೊಡ್ಡ ಹಡಗುಗಳಲ್ಲೂ ಇದೇ ತೊಂದರೆ. ಅಲ್ಲಿ ಗಾಳಿಯ ಸೆಳೆತದಿಂದ, ಸುಮಾರು ಒಂದು ಲೀಟರ್ ನೀರಿನಲ್ಲೇ ಎಲ್ಲವನ್ನೂ ಎಳೆದುಕೊಳ್ಳುವ ವ್ಯವಸ್ಥೆ ಇರುತ್ತದೆ. ಒಬ್ಬರು ಹಾಕಿದ ಬಟ್ಟೆಯ ತುಂಡು ಸಾಲು ಕೋಣೆಗಳ ಶೌಚಾಲಯಗಳನ್ನೇ ನಿಲ್ಲಿಸಬಹುದು. ಹಡಗಿನ ಮಲಿನ ನೀರಿನ ಬಗ್ಗೆ ಅಂತಾರಾಷ್ಟ್ರೀಯ ನಿಯಮ 2003ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಶುದ್ಧೀಕರಿಸದ ಮಲಿನವನ್ನು ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ಒಳಗೆ ಸಮುದ್ರಕ್ಕೆ ಬಿಡುವಂತಿಲ್ಲ.

ಪ್ರವಾದಿ(ಸ)ರು ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನು ವಿರೋಧಿಸಿದ್ದಾರೆ. ಜನರು ನೀರಿಗೆ ಬರುವ ಜಾಗ, ದಾರಿ ಮತ್ತು ನೆರಳಿನಲ್ಲಿ ಮಲವಿಸರ್ಜನೆ ಮಾಡುವುದು ಶಾಪಕ್ಕೆ ಗುರಿಮಾಡುವ ಕೆಲಸವೆಂದು ಎಚ್ಚರಿಸಿದ್ದಾರೆ. ಆಲಪ್ಪುಝದ ವೇಂಬನಾಡ್ ಸರೋವರ 2002ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಜೌಗುಪ್ರದೇಶ. ಉಪ್ಪುನೀರು ಗದ್ದೆಗೆ ನುಗ್ಗದಂತೆ 1970ರ ದಶಕದಲ್ಲಿ ಕಟ್ಟಿದ ತಣ್ಣೀರ್‌ಮುಕ್ಕಂ ಅಡ್ಡಗಟ್ಟೆಯ ಬಾಗಿಲು ಮುಚ್ಚಿರುವ ತಿಂಗಳುಗಳಲ್ಲಿ ಅದರ ದಕ್ಷಿಣ ಭಾಗ ನಿಂತ ನೀರೇ ಆಗುತ್ತದೆ. ಆ ಹದೀಸ್‌ಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ?

ಇನ್ನು ತೆಗೆಯುವ ಕೈಯ ಮಾತು. ಗುಂಡಿ ತುಂಬಿದಾಗ ಒಬ್ಬನನ್ನು ಕರೆದು ಒಳಗೆ ಇಳಿಸುವ ಪದ್ಧತಿ ನಮ್ಮ ಊರುಗಳಿಂದ ಪೂರ್ತಿಯಾಗಿ ಹೋಗಿಲ್ಲ. 2013ರ ಕಾನೂನು ರಕ್ಷಣಾ ಸಾಧನಗಳಿಲ್ಲದೆ ಹಾಗೆ ಇಳಿಸುವುದನ್ನು ಅಪರಾಧವೆಂದು ಹೇಳುತ್ತದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಆದೇಶಿಸಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಹಣ ಹೆಚ್ಚಿತು, ಆದರೆ ಹೋದ ಪ್ರಾಣಕ್ಕೆ ಅದು ಬದಲಿಯೇ? ನಮ್ಮ ಮನೆಯ ಗುಂಡಿಗೆ ಯಂತ್ರದ ಗಾಡಿಯನ್ನೇ ಕರೆಸಬೇಕೆಂದು ಹಟ ಹಿಡಿಯಬೇಕಾದವರು ನಾವು, ಮನೆಯೊಡತಿಯರು.

ಮಸೀದಿಯೊಳಗೆ ಒಬ್ಬ ಹಳ್ಳಿಗ ಮೂತ್ರ ಮಾಡಿದಾಗ ಪ್ರವಾದಿ(ಸ)ರು ಅವನನ್ನು ಗದರಿಸಲು ಬಿಡಲಿಲ್ಲ. ಒಂದು ಕೊಡ ನೀರು ಸುರಿಯಲು ಹೇಳಿದರು. ತಮ್ಮ ಚಪ್ಪಲಿ, ಬಟ್ಟೆಗಳನ್ನು ಸ್ವತಃ ಹೊಲಿದುಕೊಳ್ಳುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಆ ಮನೆಯಲ್ಲಿ ಕೀಳು ಕೆಲಸ ಎಂಬುದು ಇರಲಿಲ್ಲ. ನಮ್ಮ ಮನೆಯಲ್ಲೂ ಇರಬಾರದು. ಇಂದೇ ಶೌಚಾಲಯದಲ್ಲಿ ಮುಚ್ಚಳವಿರುವ ಒಂದು ಬುಟ್ಟಿ ಇಡಿ. ಪ್ರಯಾಣಕ್ಕೆ ಹೊರಡುವಾಗ ಚೀಲದಲ್ಲಿ ನಾಲ್ಕು ಹಳೆಯ ಪತ್ರಿಕೆಯ ಹಾಳೆ ಇರಲಿ. ಮಗಳಿಗೆ ಮೊದಲ ಸಲ ಪ್ಯಾಡ್ ಕೊಡುವ ದಿನ ಅದನ್ನು ಎಲ್ಲಿ ಹಾಕಬೇಕೆಂದೂ ಹೇಳಿ. ಮಗನಿಗೆ ಶೌಚಾಲಯ ತಿಕ್ಕಲು ಕಲಿಸಿ. ಶುಚಿತ್ವ ಈಮಾನಿನ ಅರ್ಧಭಾಗವೆಂದು ಗೋಡೆಗೆ ತೂಗುಹಾಕುವವರು ನಾವು. ನಮ್ಮ ಕೊಳೆಯನ್ನು ಕೊನೆಗೆ ಮುಟ್ಟುವ ಆ ಕೈ ಕೂಡ ಶುಚಿಯಾಗಿ, ಸುರಕ್ಷಿತವಾಗಿ ಇದ್ದಾಗಲೇ ಆ ಮಾತಿಗೆ ನಮ್ಮ ಮನೆಯಲ್ಲಿ ಬೆಲೆ ಬರುತ್ತದೆ.