ತಡವಾಗಿ ಬಂದ ಹಾರ್ಪ್

ಹಾರ್ಪ್ ಬೇಕೆಂದು ಹೇಳಿಟ್ಟವರು ಅಮೆರಿಕದ ಜಾಜ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್. ಅದು ಮನೆಗೆ ಬರುವ ಹೊತ್ತಿಗೆ ಅವರೇ ಇರಲಿಲ್ಲ. 1967ರ ಜುಲೈ 17ರಂದು, 40ರ ವಯಸ್ಸಿಗೆ, ಯಕೃತ್ತಿನ ಕ್ಯಾನ್ಸರ್ ಅವರನ್ನು ಕೊಂಡೊಯ್ದಿತ್ತು. ಲಾಂಗ್ ಐಲೆಂಡ್‌ನ ಡಿಕ್ಸ್ ಹಿಲ್ಸ್ ಮನೆಯಲ್ಲಿ ಉಳಿದವರು ಹೆಂಡತಿ ಆಲಿಸ್ ಮತ್ತು ನಾಲ್ಕು ಮಕ್ಕಳು. ಆಲಿಸ್‌ಗೆ ಇನ್ನೂ 30 ತುಂಬಿರಲಿಲ್ಲ, ಕೊನೆಯ ಕೂಸಿಗೆ ಒಂದು ವರ್ಷವೂ ಆಗಿರಲಿಲ್ಲ. ಆ ಮನೆಗೆ ಆಳೆತ್ತರದ ಒಂದು ತಂತಿವಾದ್ಯ ಬಂದು ನಿಂತಿತು.

ಅಪ್ಪ ಹೋದ ಮೂರನೆಯ ವಾರ ನಮ್ಮ ಮನೆಗೆ ಅವರ ಹೊಸ ಕನ್ನಡಕ ಬಂತು. ಅಂಗಡಿಯ ಹುಡುಗನಿಗೆ ವಿಷಯ ಗೊತ್ತಿರಲಿಲ್ಲ. ರಸೀದಿಗೆ ಸಹಿ ಹಾಕಿಸಿಕೊಂಡು ಹೋದ. ಅಮ್ಮ ಆ ಡಬ್ಬಿಯನ್ನು ದೇವರ ಗೂಡಿನ ಪಕ್ಕ ಇಟ್ಟರು, ತೆರೆಯಲಿಲ್ಲ. ಆಲಿಸ್ ಮಾತ್ರ ತನಗೆ ಬಂದದ್ದನ್ನು ತೆರೆದರು. ಮಕ್ಕಳು ಮಲಗಿದ ಮೇಲೆ ಅದರ ಮುಂದೆ ಕೂತು ತಂತಿ ಮೀಟಿರಬೇಕು ಎಂದು ನಾನು ಕಲ್ಪಿಸಿಕೊಳ್ಳುತ್ತೇನೆ. ಕಲ್ಪನೆಯಲ್ಲದ ಸಂಗತಿ ಏನೆಂದರೆ, 1968ರಲ್ಲಿ ಬಂದ ಆಕೆಯ ಮೊದಲ ಆಲ್ಬಂ 'ಎ ಮೊನಾಸ್ಟಿಕ್ ಟ್ರಯೋ'. ಆ ಎಲ್‌ಪಿಯ ಒಂದು ಬದಿಯಲ್ಲಿ ಪಿಯಾನೋ, ತಿರುಗಿಸಿ ಹಾಕಿದರೆ ಇನ್ನೊಂದು ಬದಿಯಲ್ಲಿ ಹಾರ್ಪ್.

ಆಲಿಸ್ ಕೋಲ್ಟ್ರೇನ್ ಅವರ ಆಲ್ಬಂಗಳನ್ನು ನಾನು ಬಿಡಿಬಿಡಿಯಾಗಿ ಕೇಳುವುದನ್ನು ಬಿಟ್ಟಿದ್ದೇನೆ. ಬಂದ ವರ್ಷದ ಕ್ರಮದಲ್ಲೇ ಕೇಳುತ್ತೇನೆ, ಒಬ್ಬರ ದಿನಚರಿ ಓದಿದ ಹಾಗೆ. ಪ್ರತಿ ಸಲವೂ ನನ್ನ ಗಮನ ಹೋಗುವುದು ರಾಗದ ಕಡೆಗಲ್ಲ, ತಾಳದ ಕಡೆಗೂ ಅಲ್ಲ. ನಾದ ಹುಟ್ಟಿದ ಮೇಲೆ ಅದು ಎಷ್ಟು ಹೊತ್ತು ಉಳಿಯುತ್ತದೆ ಎಂಬುದರ ಕಡೆಗೆ.

ಆಲಿಸ್ ಹುಟ್ಟಿದ್ದು 1937ರಲ್ಲಿ, ಡೆಟ್ರಾಯಿಟ್‌ನಲ್ಲಿ. ತಾಯಿ ಚರ್ಚಿನ ಗಾಯನವೃಂದದಲ್ಲಿ ಹಾಡುವವರು. ಮಗಳು ಚಿಕ್ಕವಯಸ್ಸಿನಲ್ಲೇ ಕಪ್ಪುಜನರ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಪಿಯಾನೋ, ಆರ್ಗನ್ ನುಡಿಸುತ್ತಾ ಬೆಳೆದರು. ಆಮೇಲೆ ಪ್ಯಾರಿಸ್ಸಿನಲ್ಲಿ ಪಿಯಾನೋ ವಾದಕ ಬಡ್ ಪೊವೆಲ್ ಅವರ ಬಳಿ ಕಲಿತದ್ದು, ಟೆರಿ ಗಿಬ್ಸ್ ತಂಡದಲ್ಲಿ ನುಡಿಸಿದ್ದು, 1963ರಲ್ಲಿ ಜಾನ್ ಸಿಕ್ಕಿದ್ದು, 1966ರಲ್ಲಿ ಅವರ ತಂಡದಲ್ಲಿ ಮೆಕಾಯ್ ಟೈನರ್ ಬಿಟ್ಟುಹೋದ ಪಿಯಾನೋದ ಮುಂದೆ ಕೂತದ್ದು. ಆ ಜಾಗಕ್ಕೆ ಯಾರು ಬಂದಿದ್ದರೂ ಬೈಸಿಕೊಳ್ಳಲೇಬೇಕಿತ್ತು. ಹೆಂಡತಿ ಬಂದು ಕೂತಾಗ ಜಾಜ್ ಲೋಕದ ಹಲವರು ಸುಮ್ಮನಿರಲಿಲ್ಲ.

ಹಾರ್ಪ್‌ನ ಸ್ವಭಾವ ಒಂದಿದೆ. ಮೀಟಿದ ತಂತಿ ಆ ಕ್ಷಣದಿಂದಲೇ ಸಾಯತೊಡಗುತ್ತದೆ. ಪಿಯಾನೋದ್ದೂ ಅದೇ ಕಥೆ, ವೀಣೆಯದೂ ಅದೇ. ಅದಕ್ಕೇ ಆಲಿಸ್ ಹಾರ್ಪ್ ನುಡಿಸುವ ರೀತಿ ಒಂದೊಂದು ಸ್ವರವನ್ನು ಬಿಡಿಸಿ ಇಡುವುದಲ್ಲ. ಕೈಯನ್ನು ತಂತಿಗಳ ಮೇಲೆ ಒಮ್ಮೆಗೇ ಎಳೆದು ಹೊಳೆ ಹರಿಸುವುದು. ಒಂದು ಸ್ವರ ಮುಗಿಯುವ ಮೊದಲೇ ಹತ್ತು ಸ್ವರ ಬಂದು ಅದನ್ನು ಎತ್ತಿಕೊಳ್ಳುತ್ತವೆ. ಇದನ್ನು ಅಲಂಕಾರ ಎಂದು ತಳ್ಳಿಹಾಕಿದವರಿದ್ದಾರೆ. ನನಗೆ ಹಾಗೆ ಕೇಳಿಸುವುದೇ ಇಲ್ಲ. ಮುಗಿಯಬಾರದು, ಮುಗಿಯಬಾರದು ಎಂದು ಓಡಿ ಓಡಿ ಹಿಡಿಯುವ ಕೈ ಅದು. ಜಾನ್ ಹೋದ ಮೇಲಿನ ಒಂದೆರಡು ವರ್ಷ ಆಕೆಗೆ ನಿದ್ದೆ ಹತ್ತಲಿಲ್ಲ. ದೇಹ ಸೊರಗಿತು, ಕಣ್ಣಿಗೆ ಏನೇನೋ ಕಾಣತೊಡಗಿತು. 1977ರ ತನ್ನ ಪುಟ್ಟ ಪುಸ್ತಕ 'ಮಾನ್ಯುಮೆಂಟ್ ಎಟರ್ನಲ್'ನಲ್ಲಿ ಆಕೆ ಅದನ್ನು ಕಾಯಿಲೆ ಎನ್ನದೆ ತಪಸ್ಸು ಎಂದು ಕರೆದಿದ್ದಾರೆ. ಆ ದಿನಗಳಲ್ಲಿ ಮನೆಯವರು ಹೆದರಿದ್ದರು. ಎರಡೂ ನಿಜವಿರಬಹುದು.

ಆ ಸ್ಥಿತಿಯಲ್ಲಿ ಸಿಕ್ಕವರು ಸ್ವಾಮಿ ಸಚ್ಚಿದಾನಂದ. ತಮಿಳುನಾಡಿನಲ್ಲಿ ಹುಟ್ಟಿ, ಋಷಿಕೇಶದ ಶಿವಾನಂದರಿಂದ ದೀಕ್ಷೆ ಪಡೆದು, ಅಮೆರಿಕದಲ್ಲಿ ನೆಲೆಸಿದವರು. 1969ರ ವುಡ್‌ಸ್ಟಾಕ್ ಸಂಗೀತೋತ್ಸವಕ್ಕೆ ಆಶೀರ್ವಚನ ಕೊಟ್ಟವರೂ ಇವರೇ. 1971ರಲ್ಲಿ ಬಿಡುಗಡೆಯಾದ 'ಜರ್ನಿ ಇನ್ ಸಚ್ಚಿದಾನಂದ' ಆಲ್ಬಂ ಆ ಗುರುವಿನ ಹೆಸರಿನದು. ಅದರೊಳಗಿನ 'ಸ್ಟಾಪ್‌ಓವರ್ ಬಾಂಬೆ' ಎಂಬ ರಚನೆ ಧ್ವನಿಮುದ್ರಣವಾಗಿದ್ದು ಆಕೆ ಬಾಂಬೆಯನ್ನು ನೋಡುವ ಮೊದಲು. 1970ರ ಕೊನೆಯಲ್ಲಿ ಗುರುವಿನ ಜೊತೆ ಭಾರತಕ್ಕೂ ಸಿಲೋನಿಗೂ ಹೊರಡುವುದು ನಿಶ್ಚಯವಾಗಿತ್ತು. ಊರಿಗೆ ಹೋಗುವ ಮುಂಚೆಯೇ ಊರಿನ ಹಾಡು ಕಟ್ಟುವುದರಲ್ಲಿ ನನಗೆ ಸುಳ್ಳು ಕಾಣುವುದಿಲ್ಲ. ಯಾತ್ರೆಗೆ ಹೊರಡುವ ಹಿಂದಿನ ರಾತ್ರಿ ನಮ್ಮ ಅಜ್ಜಿಯೂ ನಿದ್ದೆ ಮಾಡದೆ ತಿರುಪತಿಯ ಮೆಟ್ಟಿಲು ಎಣಿಸುತ್ತಿದ್ದರು.

ಎಲ್ಲರೂ ಮೊದಲು ಕೇಳುವುದು ಈ ಆಲ್ಬಮ್ಮನ್ನೇ, ನಾನೂ ಹಾಗೇ ಶುರುಮಾಡಿದ್ದು. ತಂಬೂರಿಯ ನಾದ ಏಳುತ್ತಿದ್ದಂತೆ ಮೈ ಜುಂ ಎಂದಿತು, ಮರುಗಳಿಗೆಯೇ ಕಿವಿ ತಕರಾರು ತೆಗೆಯಿತು. ನಮ್ಮಲ್ಲಿ ತಂಬೂರಿ ನೆಲ. ಹಾಡುವವರು ಅದರ ಮೇಲೆ ನಿಲ್ಲುತ್ತಾರೆ. ಇಲ್ಲಿ ಅದು ಊದುಬತ್ತಿಯ ಹೊಗೆಯಂತೆ ಕೋಣೆಯ ತುಂಬ ಸುತ್ತುತ್ತದೆ, ಯಾರೂ ಅದರ ಮೇಲೆ ನಿಲ್ಲುವುದಿಲ್ಲ. ಬಹಳ ದಿನ ಇದನ್ನು ಕೊರತೆ ಎಂದೇ ಎಣಿಸಿದ್ದೆ. ಒಂದು ಸಂಜೆ ಸೆಸಿಲ್ ಮೆಕ್‌ಬೀ ಅವರ ಬಾಸ್ ಒಂದನ್ನೇ ಹಿಂಬಾಲಿಸಿ ಕೇಳಿದೆ. ಅದೇ ಪುಟ್ಟ ಸ್ವರಗುಚ್ಛ, ಮತ್ತೆ ಮತ್ತೆ, ದೇವಸ್ಥಾನದ ಸುತ್ತ ಪ್ರದಕ್ಷಿಣೆ ಹಾಕುವವರ ಹೆಜ್ಜೆಯಂತೆ. ಷಡ್ಜ ಇದ್ದದ್ದು ಅಲ್ಲಿ. ಅದರ ಮೇಲೆ ಫೇರೋ ಸ್ಯಾಂಡರ್ಸ್ ಅವರ ಸ್ಯಾಕ್ಸೊಫೋನ್, ಅದರ ಆಚೆ ಈಚೆ ಹಾರ್ಪ್‌ನ ಹೊಳೆ. ನಮ್ಮ ಪದ್ಧತಿಯನ್ನು ತಪ್ಪಾಗಿ ನುಡಿಸಿದ್ದಲ್ಲ ಅದು. ತನ್ನ ದುಃಖಕ್ಕೆ ಬೇಕಾದಷ್ಟನ್ನು ನಮ್ಮಿಂದ ತೆಗೆದುಕೊಂಡು ತನ್ನದೇ ನೆಲದ ಮೇಲೆ ನಿಂತದ್ದು.

ಭಾರತದಿಂದ ಮರಳಿದ ಮೇಲೆ, 1971ರ 'ಯೂನಿವರ್ಸಲ್ ಕಾನ್ಶಿಯಸ್‌ನೆಸ್'ನಲ್ಲಿ ಆರ್ಗನ್ ಬರುತ್ತದೆ. ನನ್ನ ಮಟ್ಟಿಗೆ ಆಕೆಯ ಬದುಕಿನ ತಿರುವು ಅದು. ವುರ್ಲಿಟ್ಜರ್ ಆರ್ಗನ್, ಬೆರಳು ಕೀಲಿಯ ಮೇಲೆ ಇರುವಷ್ಟು ಹೊತ್ತೂ ಸ್ವರ ಸಾಯುವುದಿಲ್ಲ. ಓಡಿ ಹಿಡಿಯುವ ಆತುರ ಇನ್ನು ಬೇಕಿಲ್ಲ. ಜೊತೆಗೆ ನಾಲ್ಕು ಪಿಟೀಲು. ಅವುಗಳ ಸ್ವರಲಿಪಿಗೆ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ ನೆರವು. 'ಹರೇ ಕೃಷ್ಣ' ಎಂಬ ರಚನೆಯಲ್ಲಿ ಮಾತೇ ಇಲ್ಲ, ನಾಮ ವಾದ್ಯಗಳಲ್ಲೇ ನಡೆಯುತ್ತದೆ. ಅದೇ ಆಲ್ಬಂನಲ್ಲಿ 'ಸೀತಾ ರಾಮ್' ಇದೆ, 'ಓ ಅಲ್ಲಾ' ಇದೆ, ಈಜಿಪ್ಟಿನ ಅಮನ್ ರಾ ಕೂಡ ಇದ್ದಾನೆ. ಯಾರನ್ನೂ ಹೊರಗೆ ನಿಲ್ಲಿಸಿಲ್ಲ.

ಅಮ್ಮನೂ ಅಪ್ಪ ಹೋದ ಎರಡನೆಯ ವರ್ಷ ಭಜನೆ ಮಂಡಳಿಗೆ ಸೇರಿದರು. ಮನೆಗೆ ಒಂದು ಶ್ರುತಿಪೆಟ್ಟಿಗೆ ತಂದರು, ಎಡಗೈಯಿಂದ ಒತ್ತುತ್ತಾ ಕೂರುವ ಹಳೆಯ ಕಾಲದ್ದು. ವಿದ್ಯುತ್ತಿನ ಪೆಟ್ಟಿಗೆ ತಂದುಕೊಡುತ್ತೇನೆ, ಗುಂಡಿ ಒತ್ತಿದರೆ ಸಾಕು ಎಂದೆ. "ಬೇಡ ಕಣೇ, ಇದು ನಾನು ಒತ್ತಿದರೆ ಮಾತ್ರ ಇರುತ್ತೆ. ಬಿಟ್ಟರೆ ನಿಲ್ಲುತ್ತೆ. ಅದು ಗೊತ್ತಿರಬೇಕು" ಎಂದರು. ಏನು ಗೊತ್ತಿರಬೇಕು ಎಂದು ನಾನು ಕೇಳಲಿಲ್ಲ. ಬೆಳಗಿನ ಹೊತ್ತು ಎಷ್ಟೋ ಸಲ ಹಾಡೇ ಇಲ್ಲದೆ ಬರೀ ಶ್ರುತಿ ಹಿಡಿದು ಕೂತಿರುತ್ತಿದ್ದರು. ಅಡುಗೆಮನೆಯವರೆಗೂ ಆ ನಾದ ಬರುತ್ತಿತ್ತು.

1972ರ ಒಂದು ಆಲ್ಬಂ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 'ಇನ್ಫಿನಿಟಿ'. ಜಾನ್ 1965-66ರಲ್ಲಿ ನುಡಿಸಿಟ್ಟಿದ್ದ ಧ್ವನಿಮುದ್ರಿಕೆಗಳ ಮೇಲೆ ಆಲಿಸ್ ಪಿಟೀಲುಗಳನ್ನೂ ತನ್ನ ಹಾರ್ಪನ್ನೂ ಸೇರಿಸಿದರು. ಜಾನ್ ಅಭಿಮಾನಿಗಳಿಗೆ ಅದು ವಿಗ್ರಹಕ್ಕೆ ಬಣ್ಣ ಬಳಿದಂತಾಯಿತು, ಸಿಟ್ಟು ಇವತ್ತಿಗೂ ಪೂರ್ತಿ ಆರಿಲ್ಲ. ಕಲೆಯ ನ್ಯಾಯದಲ್ಲಿ ಅವರ ಮಾತಿಗೆ ತೂಕವಿದೆ, ಒಪ್ಪುತ್ತೇನೆ. ಆದರೂ ಆ ಆಲ್ಬಂ ಕೇಳುವಾಗ ನನಗೆ ಕಾಣುವುದು, ಗಂಡ ಅರ್ಧಕ್ಕೆ ಬಿಟ್ಟುಹೋದ ಮಾತಿಗೆ ಹೆಂಡತಿ ಉತ್ತರ ಕೊಡುತ್ತಿರುವುದು. ಐದು ವರ್ಷ ಕಾದು ಕೊಟ್ಟ ಉತ್ತರ. ನನ್ನಿಂದ ಆಕೆಯನ್ನು ದೂರಲಾಗದು.

ಅದೇ ವರ್ಷ ಸಂಸಾರ ಕ್ಯಾಲಿಫೋರ್ನಿಯಾಕ್ಕೆ ಹೋಯಿತು. 1975ರಲ್ಲಿ ವೇದಾಂತಿಕ್ ಸೆಂಟರ್ ಶುರುವಾಯಿತು. ಮರುವರ್ಷ ಆಕೆ ಕಾವಿ ಉಟ್ಟು ತುರೀಯಸಂಗೀತಾನಂದ ಆದರು. ಎಚ್ಚರ, ಕನಸು, ಗಾಢನಿದ್ದೆ ಮೂರನ್ನೂ ದಾಟಿದ ನಾಲ್ಕನೆಯದನ್ನು ಮಾಂಡೂಕ್ಯ ಉಪನಿಷತ್ತು ತುರೀಯ ಎನ್ನುತ್ತದೆ. ಎರಡು ವರ್ಷ ನಿದ್ದೆಯಿಲ್ಲದೆ, ಎಚ್ಚರ ಯಾವುದು ಕನಸು ಯಾವುದು ತಿಳಿಯದೆ ಬಳಲಿದ ಹೆಂಗಸು ಆ ಹೆಸರನ್ನು ಹೊತ್ತರು ಎಂಬುದನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ. ವಾರ್ನರ್ ಬ್ರದರ್ಸ್ ಕಂಪನಿಗೆ ಮಾಡಿದ ಆಲ್ಬಂಗಳ ಪೈಕಿ 1977ರ 'ರಾಧಾ-ಕೃಷ್ಣ ನಾಮ ಸಂಕೀರ್ತನ'ದಲ್ಲಿ ಶಿಷ್ಯರು ಸೇರಿ ನಾಮ ಹಾಡುತ್ತಾರೆ. ಅದರ 'ಓಂ ನಮಃ ಶಿವಾಯ'ದಲ್ಲಿ ಆಲಿಸ್ ಅವರ ಆರ್ಗನ್ ಮತ್ತು ಮಗ ಜಾನ್‌ನ ಡ್ರಮ್ಸ್, ಇಬ್ಬರೇ. 1978ರ 'ಟ್ರಾನ್ಸ್‌ಫಿಗರೇಶನ್' ಆದ ಮೇಲೆ ಆಕೆ ಅಂಗಡಿಗೆ ಹೋಗುವ ಸಂಗೀತವನ್ನೇ ನಿಲ್ಲಿಸಿದರು. ಅಮೆರಿಕದ ಸಂಗೀತ ಪತ್ರಿಕೆಗಳ ಪಾಲಿಗೆ ಆಕೆ ಮೌನವಾದರು.

ಆದರೆ ಮೌನ ಎಲ್ಲಿತ್ತು? 1983ರಲ್ಲಿ ಸಾಂಟಾ ಮೋನಿಕಾ ಬೆಟ್ಟಗಳ ಅಗೋರಾದಲ್ಲಿ ಆಶ್ರಮ ಎದ್ದಿತು. ಸತ್ಯ ಸಾಯಿಬಾಬಾರಲ್ಲಿ ನಂಬಿಕೆಯಿಟ್ಟಿದ್ದ ಆಕೆ ಮುಂದೆ ಅದಕ್ಕೆ ಸಾಯಿ ಅನಂತಂ ಎಂದು ಹೆಸರಿಟ್ಟರು. ಭಾನುವಾರಗಳಲ್ಲಿ ಅಲ್ಲಿ ಭಜನೆ. ಆಕೆಯ ಭಕ್ತಿಗೀತೆಗಳ ಧ್ವನಿಮುದ್ರಿಕೆಗಳು ಕ್ಯಾಸೆಟ್ ರೂಪದಲ್ಲಿ ಭಕ್ತರ ನಡುವೆಯೇ ಓಡಾಡಿದವು. 1982ರ 'ತುರೀಯ ಸಿಂಗ್ಸ್', 1987ರ 'ಡಿವೈನ್ ಸಾಂಗ್ಸ್', 1990ರ 'ಇನ್ಫಿನಿಟ್ ಚಾಂಟ್ಸ್', 1995ರ 'ಗ್ಲೋರಿಯಸ್ ಚಾಂಟ್ಸ್'. ಅವುಗಳಿಂದ ಆಯ್ದವು ಹೊರಗಿನ ಲೋಕಕ್ಕೆ ದೊಡ್ಡದಾಗಿ ಸಿಕ್ಕಿದ್ದು 2017ರಲ್ಲಿ, ಆಕೆ ತೀರಿಕೊಂಡು ಹತ್ತು ವರ್ಷವಾದ ಮೇಲೆ.

ಆ ಭಜನೆಗಳನ್ನು ಮೊದಲು ಕೇಳಿದಾಗ ನಾನು ನಮ್ಮೂರಿನ ಭಜನೆಯನ್ನು ನಿರೀಕ್ಷಿಸಿದ್ದೆ. ನಾಮಗಳೇನೋ ನಮ್ಮವೇ. ಆದರೆ ಚಪ್ಪಾಳೆ ಬೀಳುವ ಜಾಗ ಬೇರೆ. ಏಕತಾಳವಲ್ಲ, ಆದಿತಾಳವಲ್ಲ, ಮೈ ತೂಗಿ, ಕಾಲು ನೆಲಕ್ಕೆ ಬಡಿದು, ಒಬ್ಬರು ಕರೆದರೆ ಹತ್ತು ಜನ ಓಗೊಡುವ ಕಪ್ಪುಜನರ ಚರ್ಚಿನ ಚಪ್ಪಾಳೆ. ಕೃಷ್ಣನ ಹೆಸರು ಹಾಡುತ್ತಿರುವ ಗಂಟಲು ಡೆಟ್ರಾಯಿಟ್‌ನ ಭಾನುವಾರದ್ದು. ಅಲ್ಲಿಯವರೆಗೆ ನಾನು ಆಕೆಯ ಆಲ್ಬಂಗಳನ್ನು ಚರ್ಚಿನಿಂದ ಜಾಜ್‌ಗೆ, ಜಾಜ್‌ನಿಂದ ವೇದಾಂತಕ್ಕೆ ಹತ್ತಿದ ಮೆಟ್ಟಿಲು ಎಂದು ಓದಿಕೊಂಡಿದ್ದೆ. ಓದು ತಪ್ಪಾಗಿತ್ತು. ಆಕೆ ಎಲ್ಲಿಂದಲೂ ಹೊರಟುಹೋಗಿರಲಿಲ್ಲ. ಆರ್ಗನ್ ಕೂಡ ಅದೇ ಮೊದಲ ಆರ್ಗನ್. ಹೊಸ ಹುಡುಕಾಟವೂ ನಿಂತಿರಲಿಲ್ಲ. ಆ ಭಜನೆಗಳ ನಡುವೆ ಸಿಂಥಸೈಜರಿನ ನಾದ ತಳದಿಂದ ಜಾರುತ್ತಾ ಮೇಲೇಳುತ್ತದೆ, ಸ್ವರ ಸ್ವರದ ನಡುವೆ ಬಿರುಕೇ ಇಲ್ಲದೆ. ಮೀಟಿದ ಹಾರ್ಪ್ ಮಾಡಲಾಗದ್ದನ್ನು ಅದು ಮಾಡುತ್ತದೆ.

'ತುರೀಯ ಸಿಂಗ್ಸ್'ನಲ್ಲಿ ಆಕೆ ಒಬ್ಬರೇ ಹಾಡುತ್ತಾರೆ. 45ರ ಹತ್ತಿರದ ವಯಸ್ಸಿನಲ್ಲಿ, ಇಷ್ಟೆಲ್ಲ ಆಲ್ಬಂಗಳಾದ ಮೇಲೆ. ತಗ್ಗಿನ ದನಿ, ಸ್ವಲ್ಪವೂ ಮೆರೆಯದ ದನಿ. ಸಂಸ್ಕೃತದ ಅಕ್ಷರಗಳು ಅಮೆರಿಕದ ನಾಲಿಗೆಯ ಮೇಲೆ ದುಂಡಗಾಗುತ್ತವೆ. ಸಾಯದ ನಾದವನ್ನು ಇಷ್ಟು ವರ್ಷ ಹುಡುಕಿದ ಕೈ, ಕೊನೆಗೆ ತೆರೆದದ್ದು ಪ್ರತಿ ಸಾಲಿಗೂ ಮುಗಿದುಹೋಗುವ, ಮತ್ತೆ ಗಾಳಿ ತುಂಬಿಕೊಳ್ಳಲೇಬೇಕಾದ ಕಂಠವನ್ನು.

2004ರ 'ಟ್ರಾನ್ಸ್‌ಲೀನಿಯರ್ ಲೈಟ್' ಆಕೆಯ ಕೊನೆಯ ಸ್ಟುಡಿಯೋ ಆಲ್ಬಂ. ಅದನ್ನು ಮಾಡಿಸಿದವರು ಮಗ ರವಿ. ರವಿಶಂಕರ್ ಅವರ ಹೆಸರನ್ನೇ ಅವರಿಗೆ ಇಟ್ಟಿದ್ದರು. ಚರ್ಚಿನ ಹಳೆಯ ಹಾಡು 'ವಾಕ್ ವಿತ್ ಮಿ', ಕ್ಯಾಸೆಟ್ಟಿನಲ್ಲಿ ಹಾಡಿದ್ದ 'ಜಗದೀಶ್ವರ್', ಜಾನ್ ಕಟ್ಟಿದ 'ಕ್ರೆಸೆಂಟ್', ಎಲ್ಲವೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿವೆ. 2007ರ ಜನವರಿ 12ರಂದು ಆಲಿಸ್ ತೀರಿಕೊಂಡರು. 2018ರ ನವೆಂಬರ್ ಕಾಳ್ಗಿಚ್ಚಿನಲ್ಲಿ ಆಶ್ರಮದ ಕಟ್ಟಡವೂ ಸುಟ್ಟುಹೋಯಿತು.

'ತುರೀಯ ಸಿಂಗ್ಸ್'ನ ಪಿಟೀಲು, ಸಿಂಥಸೈಜರ್ ಯಾವುದೂ ಇಲ್ಲದ, ಬರಿಯ ದನಿ ಮತ್ತು ಆರ್ಗನ್ ಮಾತ್ರ ಇರುವ ರೂಪವನ್ನು ರವಿ 2021ರಲ್ಲಿ ಹೊರತಂದರು. ಅದನ್ನು ನಾನು ಅಮ್ಮನಿಗೆ ಕೇಳಿಸಿದೆ. ಯಾರು, ಏನು ಎಂದು ಹೇಳಲಿಲ್ಲ. 'ಯಮುನಾ ತೀರ ವಿಹಾರಿ' ಬಂದಾಗ "ಮಾತು ಗೊತ್ತಿರೋದೇ, ಧಾಟಿ ಎಲ್ಲಿಯದು?" ಎಂದರು. ಅಮೆರಿಕದವರು, ಗಂಡ ಹೋದಾಗ ಇನ್ನೂ 30 ಆಗಿರಲಿಲ್ಲ, ನಾಲ್ಕು ಮಕ್ಕಳು ಎಂದೆ. ಅಮ್ಮ ಎದ್ದು ಹೋಗಿ ಶ್ರುತಿಪೆಟ್ಟಿಗೆ ತಂದರು. ಒಂದೊಂದೇ ಕೀಲಿ ತೆಗೆದು ಮುಚ್ಚಿ, ಆ ಹಾಡಿನ ಶ್ರುತಿ ಸಿಗುವವರೆಗೂ ಹುಡುಕಿದರು. ಸಿಕ್ಕ ಮೇಲೆ ಹಾಡಲಿಲ್ಲ. ಕಣ್ಣುಮುಚ್ಚಿ ಒತ್ತುತ್ತಲೇ ಇದ್ದರು. ಮಂಡಳಿಯ ಹೊಸಬರಿಗೆ ಅಮ್ಮ ಮೊದಲು ಕಲಿಸುವುದು ರಾಗವಲ್ಲ, ಸಾಲಿನಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದನ್ನು.

ಹಾಡು ಮುಗಿಯಿತು. ಶ್ರುತಿ ಇನ್ನೂ ಇತ್ತು.

"ಇನ್ನೊಂದು ಸಲ ಹಾಕು," ಎಂದರು ಅಮ್ಮ. "ಆಯಮ್ಮ ಉಸಿರು ತಗೊಳ್ಳೋ ಜಾಗ ಕೇಳಿಸಿಕೋಬೇಕು."